ದೊಡ್ಡಮಾವನವರ ಮುದ್ದೆ ಜಪಾನಿಗೆ ಹೋದದ್ದು

ನಮ್ಮ ದೊಡ್ಡಮಾವನವರಿಗೆ ವಿದೇಶ ಅನ್ನುವುದು ಮಂಚೇನಹಳ್ಳಿಯ ಬಸ್ ಸ್ಟ್ಯಾಂಡಿನ ಆಚೆಗೇ ಶುರುವಾಗುತ್ತಿತ್ತು. ಗೌರಿಬಿದನೂರು ಪರದೇಶ, ಚಿಕ್ಕಬಳ್ಳಾಪುರ ಇನ್ನೂ ದೂರದ ಪರದೇಶ, ಬೆಂಗಳೂರಂತೂ ಮನುಷ್ಯರು ಉಣ್ಣುವ ಜಾಗವೇ ಅಲ್ಲ! ಇಂಥವರನ್ನು ಸರ್ಕಾರದವರು ಹುಡುಕಿ ಹುಡುಕಿ ಜಪಾನಿಗೆ ಕಳಿಸಿದರು ಅಂದರೆ ನಂಬುತ್ತೀರಾ? ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಆದರೆ ಅವರ ಗಂಟುಮೂಟೆ ಕಟ್ಟಿದವಳೇ ನಾನು.

ದೊಡ್ಡಮಾವ ಅಂದರೆ ನನ್ನ ಮಾವನವರ ಅಣ್ಣ. ಐವತ್ತರ ದಶಕದಲ್ಲಿ ನಾನು ಚಿಕ್ಕಬಳ್ಳಾಪುರದಿಂದ ಆ ಮನೆಗೆ ಸೊಸೆಯಾಗಿ ಬಂದ ದಿನ ಅವರು ನನ್ನ ಓದು ಕೇಳಲಿಲ್ಲ, ಹಾಡು ಬರುತ್ತದೆಯೇ ಅಂತ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಮುದ್ದೆಗೆ ಎಸರು ಎಷ್ಟು ಇಡ್ತೀರಿ ಅಂತ ಕೇಳಿದರು. ನಾನು ಗಾಬರಿಯಲ್ಲಿ ಏನೋ ಒಂದು ಹೇಳಿದೆ. ಅವರು ತಮ್ಮನ ಕಡೆ ತಿರುಗಿ, ಹುಡುಗಿ ಲಕ್ಷಣವಾಗಿದ್ದಾಳೆ, ಒಲೆ ಹತ್ತಿರ ಮಾತ್ರ ಬಿಡಬೇಡ ಅಂದರು.

ಅವರಿಗೆ ಎರಡು ಹೊತ್ತೂ ಮುದ್ದೆ ಬೇಕು, ಅದೂ ಹೆಂಡತಿಯ, ಅಂದರೆ ನಮ್ಮ ದೊಡ್ಡತ್ತೆಯ, ಕೈಯಿಂದಲೇ ಆಗಬೇಕು. ನಾನಾಗಲಿ ನನ್ನ ಅತ್ತೆಯಾಗಲಿ ಎಷ್ಟು ಹದವಾಗಿ ತಿರುವಿಟ್ಟರೂ, ಡಾಕ್ಟರು ನಾಡಿ ಹಿಡಿದ ಹಾಗೆ ಮುದ್ದೆಯ ಮೇಲೆ ಎರಡು ಬೆರಳಿಟ್ಟು, “ಇದು ಅವಳದಲ್ಲ” ಅಂದುಬಿಡುತ್ತಿದ್ದರು. ಆಮೇಲೆ ಮಜ್ಜಿಗೆ ಕುಡಿದು ಎದ್ದು ಹೋಗುತ್ತಿದ್ದರು. ಕೋಪವೇನೂ ಇಲ್ಲ, ಬೈಗುಳವೂ ಇಲ್ಲ. ಹೊಟ್ಟೆ ಒಪ್ಪಲ್ಲ ಕಣಮ್ಮ, ನಾನೇನು ಮಾಡಲಿ ಅಂತ ಪಾಪ ನಮಗೇ ಸಮಾಧಾನ ಹೇಳುತ್ತಿದ್ದರು!

ಇದರಲ್ಲಿ ಸಿಕ್ಕಿಕೊಂಡವರು ದೊಡ್ಡತ್ತೆ. ಅವರ ತವರು ನಗರಗೆರೆ. ಬೆಳಿಗ್ಗೆ ಬಸ್ಸು ಹತ್ತಿದರೆ ಬಿಸಿಲೇರುವ ಹೊತ್ತಿಗೆ ಅಮ್ಮನ ಮನೆಯ ಜಗಲಿಯಲ್ಲಿ ಕೂರಬಹುದು. ಆದರೆ ಬಾಣಂತನಗಳನ್ನು ಬಿಟ್ಟರೆ ಅವರು ತವರಿನಲ್ಲಿ ಒಂದು ರಾತ್ರಿ ಮಲಗಿದವರಲ್ಲ. ಆ ಬಾಣಂತನಗಳಲ್ಲೂ ದೊಡ್ಡಮಾವ ಹಾಲು ಬಾಳೆಹಣ್ಣಿನಲ್ಲೇ ಬದುಕಿದ್ದರಿಂದ, ಮಗುವನ್ನು ನೋಡಲು ಬಂದವರೆಲ್ಲ ಅಪ್ಪನ ಸ್ಥಿತಿ ನೋಡಿ ಮರುಗಿದ್ದರಂತೆ. ನಗರಗೆರೆಯಿಂದ ಆ ಮುದುಕಿ ತಾಯಿ ವರ್ಷವಿಡೀ ಹೇಳಿಕಳಿಸುತ್ತಿದ್ದರು: ಬಂದು ಒಂದು ವಾರ ನನ್ನ ಜೊತೆ ಇದ್ದು ಹೋಗೇ, ನಿನ್ನ ತಲೆಗೆ ಎಣ್ಣೆ ಒತ್ತಿ ಎಷ್ಟು ಕಾಲವಾಯಿತು. ಹೇಳಿಕೆ ಬಂದಾಗಲೆಲ್ಲ ದೊಡ್ಡತ್ತೆ, ಆಗಲಿ, ಸುಗ್ಗಿ ಮುಗೀಲಿ ಅನ್ನುತ್ತಿದ್ದರು. ಸುಗ್ಗಿಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಒಂದು ಸಲ ನಾನೂ ನನ್ನ ಅತ್ತೆಯೂ ಸೇರಿ ಧೈರ್ಯ ಮಾಡಿದೆವು. ದೊಡ್ಡತ್ತೆಯ ಕೈಲಿ ಬೆಳಿಗ್ಗೆಯೇ ಮುದ್ದೆ ಮಾಡಿಸಿ, ಬಟ್ಟೆಯಲ್ಲಿ ಸುತ್ತಿ ಒಲೆ ಪಕ್ಕ ಇಟ್ಟು, ಅವರನ್ನು ಬಸ್ ಸ್ಟ್ಯಾಂಡಿಗೆ ಕಳಿಸಿದೆವು. ದೊಡ್ಡಮಾವ ಮಾಮೂಲಿಗಿಂತ ಮುಂಚೆ ಗದ್ದೆಯಿಂದ ಬಂದರು, ಕೂತರು, ಎರಡು ಬೆರಳಿಟ್ಟರು. “ಕೈ ಅವಳದೇ. ಆದರೆ ಈ ಮುದ್ದೆ ಹುಟ್ಟಿ ಬಹಳ ಹೊತ್ತಾಗಿದೆ” ಅಂದವರೇ ಹೆಗಲ ಮೇಲಿನ ಟವಲು ಕೊಡವಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟರು. ನಮ್ಮ ದುರದೃಷ್ಟಕ್ಕೆ ಅವತ್ತು ಬಸ್ಸು ಕೆಟ್ಟು ಅಲ್ಲೇ ನಿಂತಿತ್ತು. ಕಂಡಕ್ಟರು, ಡ್ರೈವರು, ಅರ್ಧ ಬಸ್ಸಿನ ಜನ ಸೇರಿ ಅವರಿಗೆ ಬುದ್ಧಿ ಹೇಳಿದರಂತೆ. ಇವರು ಎಲ್ಲವನ್ನೂ ಕೇಳಿ, ನೀವೆಲ್ಲ ಊಟ ಮಾಡಿ ಬಂದಿರೋರು, ನಿಮಗೇನು ಗೊತ್ತು ಅಂದರಂತೆ. ದೊಡ್ಡತ್ತೆ ಗಂಟು ಸಮೇತ ಇಳಿದು ಬಂದರು. ಸಿಟ್ಟು ಬಂದಾಗ ಮಾತ್ರ ಅವರ ಬಾಯಲ್ಲಿ ತವರಿನ ತೆಲುಗು ಬರುತ್ತಿತ್ತು. “ಇದೇಂ ಮನಿಷಿ ದೇವುಡಾ” ಅಂದುಕೊಂಡು, ಇದೆಂಥ ಮನುಷ್ಯನಪ್ಪಾ ಅಂತ ಎಸರಿಗೇ ದೂರು ಹೇಳಿ, ಸೆರಗು ಸಿಕ್ಕಿಸಿ ಮುದ್ದೆ ತಿರುವಿದರು.

ಹೀಗಿರುವಾಗ ಜಪಾನು ಬಂತು. ಕೆರೆ ಕೆಳಗಿನ ಗದ್ದೆಯಲ್ಲಿ ದೊಡ್ಡಮಾವ ಹೊಸ ರೀತಿ ಸಾಲುನಾಟಿ ಮಾಡಿ ಭತ್ತ ಚೆನ್ನಾಗಿ ಬೆಳೆದಿದ್ದರು. ಅದನ್ನು ನೋಡಿದ ವ್ಯವಸಾಯದ ಅಧಿಕಾರಿ, ಸರ್ಕಾರದ ಖರ್ಚಿನಲ್ಲಿ ಜಪಾನಿನ ಗದ್ದೆಗಳನ್ನು ನೋಡಿ ಬರುವ ರೈತರ ಜೊತೆಗೆ ಇವರ ಹೆಸರನ್ನೂ ಸೇರಿಸಿಬಿಟ್ಟರು. ಊರೆಲ್ಲ ಹಿಗ್ಗಿತು. ದೊಡ್ಡಮಾವ ಮಾತ್ರ ಅಲ್ಲಿ ರಾಗಿ ಬೆಳೀತಾರಾ ಅಂದರು. ನಮ್ಮ ಕಡೆಯಷ್ಟು ಇಲ್ಲ ಅಂದರು ಅಧಿಕಾರಿ. ಹಾಗಾದರೆ ಇವಳನ್ನೂ ಕರ್ಕೊಂಡು ಬರ್ತೀನಿ, ಅಡುಗೆಗೆ ಅಂದರು. ಸರ್ಕಾರ ಒಪ್ಪಲ್ಲ ಅಂದರು ಅಧಿಕಾರಿ. ಸರ್ಕಾರಕ್ಕೆ ಹೆಂಡತಿ ಇಲ್ವಾ ಅಂತ ಕೇಳಿದರು ನಮ್ಮ ದೊಡ್ಡಮಾವ!

ಉಳಿದದ್ದು ಒಂದೇ ದಾರಿ. ಸ್ವತಃ ಕಲಿಯಬೇಕು. ಹೊಸ್ತಿಲಿನಿಂದ ಒಳಗೆ ಅಡುಗೆಮನೆ ಹೇಗಿದೆ ಅಂತಲೇ ತಿಳಿಯದ ಮನುಷ್ಯ ಪಂಚೆ ಎತ್ತಿ ಕಟ್ಟಿ ಒಲೆ ಮುಂದೆ ಕೂತರು. ದೊಡ್ಡತ್ತೆ ಮೇಷ್ಟರು. ನಾವು ಬಾಯಿಗೆ ಸೆರಗು ತುರುಕಿಕೊಂಡು ಗೋಡೆಗೆ ಒರಗಿದೆವು. ಮೊದಲ ದಿನ ಆದದ್ದನ್ನು ಲೋಟದಲ್ಲಿ ಕುಡಿಯಬಹುದಾಗಿತ್ತು. ಮರುದಿನದ್ದನ್ನು ಮನೆ ಪಾಯಕ್ಕೆ ಹಾಕಬಹುದಾಗಿತ್ತು. ಅದನ್ನು ಎಮ್ಮೆಯ ಮುಂದೆ ಇಟ್ಟರೆ ಅದು ಮೂಸಿ ನೋಡಿ, ದೊಡ್ಡತ್ತೆಯ ಮುಖವನ್ನು ಒಮ್ಮೆ ನೋಡಿತು. ಅದಕ್ಕೂ ಕೈ ಗುರುತು ಸಿಗುತ್ತಿತ್ತೋ ಏನೋ!

ಅಂತೂ ರಾಗಿಹಿಟ್ಟಿನ ಮೂಟೆ, ಹುರುಳಿಕಾಳು, ಒಣಮೆಣಸಿನಕಾಯಿ, ಹುಣಸೆಹಣ್ಣು, ಒಂದು ಪಾತ್ರೆ, ಮುದ್ದೆ ತಿರುವುವ ಕೋಲು, ಪಾತ್ರೆ ಅಲ್ಲಾಡದಂತೆ ಅದುಮುವ ಕವೆಗೋಲು ಇಷ್ಟನ್ನೂ ಹೊತ್ತು ದೊಡ್ಡಮಾವ ವಿಮಾನ ಹತ್ತಿದರು. ಮುಂದಿನದನ್ನು ನಮಗೆ ಹೇಳಿದವರು ಜೊತೆಗೆ ಹೋಗಿದ್ದ ಅದೇ ಅಧಿಕಾರಿ. ಇಳಿದ ಕೂಡಲೇ ಸುಂಕದವರು ಮೂಟೆ ಬಿಚ್ಚಿಸಿ, ಈ ಕಂದು ಪುಡಿ ಏನು, ಈ ದೊಣ್ಣೆಗಳು ಯಾಕೆ ಅಂತ ಕೇಳಿದರಂತೆ. ಭಾಷೆ ಬಾರದ ದೊಡ್ಡಮಾವ ನೆಲದ ಮೇಲೆ ಕೂತು, ಪಾತ್ರೆಗೆ ಕವೆಗೋಲು ಕೊಟ್ಟು, ಅದನ್ನು ಕಾಲಲ್ಲಿ ಒತ್ತಿ, ಬರೀ ಪಾತ್ರೆಯಲ್ಲಿ ಗರಗರ ಕೋಲು ತಿರುವಿ, ಇಲ್ಲದ ಮುದ್ದೆಯನ್ನು ಉಂಡೆ ಕಟ್ಟಿ, ಮುರಿದು, ನುಂಗಿ ತೋರಿಸಿದರಂತೆ. ಸುಂಕದವರು ಎದ್ದು ನಿಂತು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರಂತೆ. ಇದೇನೋ ಪೂಜೆ ಅಂದುಕೊಂಡಿರಬೇಕು.

ಅಲ್ಲಿ ಒಬ್ಬ ರೈತನ ಮನೆಯಲ್ಲಿ ಇವರ ವಾಸ. ಮೊದಲ ದಿನವೇ ಹುರುಳಿ ಸಾರಿಗೆ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರು. ಬೀದಿಗೆ ಬೀದಿಯೇ ಸೀನುತ್ತಾ ಹೊರಗೆ ಬಂತು. ಯಾರೋ ಬೆಂಕಿ ಬಿತ್ತು ಅಂತ ಗಂಟೆ ಬಾರಿಸಿದರು. ನೀರಿನ ಬಕೆಟ್ಟು ಹಿಡಿದು ಬಂದವರನ್ನೆಲ್ಲ ದೊಡ್ಡಮಾವ ಕೂರಿಸಿ ಒಂದೊಂದು ತುತ್ತು ಮುದ್ದೆ ಕೊಟ್ಟು, ಅಗಿಯಬೇಡಿ, ನುಂಗಿ ಅಂತ ಕನ್ನಡದಲ್ಲೇ ಪಾಠ ಮಾಡಿದರು. ಮನೆಯ ಯಜಮಾನ ಅಗಿದ. ಅವನ ದವಡೆ ಬಿಟ್ಟುಕೊಳ್ಳಲು ಸುಮಾರು ಹೊತ್ತು ಹಿಡಿಯಿತಂತೆ. ಸೇಡು ತೀರಿಸಿಕೊಳ್ಳಲೋ ಏನೋ, ಅವನು ಮರುದಿನ ನೂಲು ನೂಲಾಗಿ ಎಳೆ ಬಿಡುವ, ಅವರ ಕಡೆಯ ಹುಳಿತ ಸೋಯಾ ಕಾಳು ತಂದಿಟ್ಟ. “ಹಳಸಿದ್ದನ್ನ ನಾವು ಎಮ್ಮೆಗೆ ಹಾಕ್ತೀವಿ, ಅವ್ರು ನೆಂಟರಿಗೆ ಹಾಕ್ತಾರೆ ಕಣಮ್ಮ. ಮರ್ಯಾದೆ ಒಂದೊಂದು ದೇಶದಲ್ಲಿ ಒಂದೊಂದು ಥರ” ಅಂತ ದೊಡ್ಡಮಾವ ಆಮೇಲೆ ನನಗೆ ಹೇಳಿದರು.

ಅವರು ವಾಪಸು ಬಂದಾಗ ಊರವರು ಹಾರ ಹಾಕಿ ಜಪಾನಿನ ಗದ್ದೆ ಹೇಗಿದೆ ಅಂತ ಕೇಳಿದರು. ಗದ್ದೆ ಗದ್ದೆ ಥರಾನೇ ಇದೆ ಅಂದರು. ಮನೆಗೆ ಬಂದು ದೊಡ್ಡತ್ತೆ ಇಟ್ಟ ಮುದ್ದೆಯನ್ನು ಬೆರಳಿಟ್ಟು ನೋಡದೆ ಸುಮ್ಮನೆ ಉಂಡರು. ಕೈ ತೊಳೆಯುವಾಗ ನಾನು ನೀರು ಹಾಕುತ್ತಿದ್ದೆ. ಬಲತೋಳು ನೀವಿಕೊಳ್ಳುತ್ತಾ ಮೆಲ್ಲಗೆ ಅಂದರು: “ಒಬ್ಬನಿಗೆ ಒಂದು ಮುದ್ದೆ ತಿರುವೋಕೆ ತೋಳು ಬಿದ್ದೋಗ್ತಿತ್ತು ಕಣಮ್ಮ. ಇವಳು ಮನೆಮಂದಿಗೆಲ್ಲ ತಿರುವ್ತಾಳಲ್ಲ.” ನಾನು ಇನ್ನೊಂದು ಚೊಂಬು ನೀರು ಹಾಕಿದೆ. ಹೇಳುವುದಕ್ಕೆ ನನ್ನ ಹತ್ತಿರ ಬಹಳ ಇತ್ತು, ಆದರೆ ನಾನು ಸೊಸೆ.

ಅದೇ ತಿಂಗಳು ನಗರಗೆರೆಯಿಂದ ಸುದ್ದಿ ಬಂತು, ಅಮ್ಮ ಹಾಸಿಗೆ ಹಿಡಿದಿದ್ದಾರೆ ಅಂತ. ದೊಡ್ಡತ್ತೆ ಅಭ್ಯಾಸಬಲದಿಂದ, ಬೆಳಿಗ್ಗೆ ಮುದ್ದೆ ಮಾಡಿಟ್ಟು ಹೋಗಿ ಸಂಜೆ ಬಸ್ಸಿಗೆ ಬಂದುಬಿಡ್ತೀನಿ ಅಂದರು. ದೊಡ್ಡಮಾವ ತಲೆಯೆತ್ತದೆ, “ಇದ್ದು ಬಾ” ಅಂದರು. ದೊಡ್ಡತ್ತೆಗೆ ಅರ್ಥವಾಗಲಿಲ್ಲ. ನಿಮ್ಮ ಊಟ ಅಂದರು. “ನಾನು ಮಾಡ್ಕೋತೀನಿ. ಜಪಾನಲ್ಲಿ ಮಾಡ್ಕೊಂಡಿಲ್ವಾ” ಅಂದರು ಇವರು.

ಕೆಲವು ದಿನ ಬಿಟ್ಟು ದೊಡ್ಡಮಾವ ನನ್ನನ್ನೂ ಕರೆದುಕೊಂಡು ನಗರಗೆರೆಗೆ ಹೋದರು. ಅಳಿಯ ಬಂದ ಅಂತ ಆ ಮನೆಯವರು ಚಾಪೆ ಹಾಸುವಷ್ಟರಲ್ಲಿ ಇವರು ಅತ್ತೆಯ ಮನೆಯ ಅಡುಗೆಮನೆಯಲ್ಲಿದ್ದರು. ಅಳಿಯ ಒಲೆ ಊದುವುದನ್ನು ನೋಡಲು ಪಕ್ಕದ ಮನೆಯ ಹೆಂಗಸರು ಕಿಟಕಿಯ ಸರಳು ಹಿಡಿದು ನಿಂತರು. ಮುದುಕಿಗೆ ತೆಳ್ಳಗೆ ಅಂಬಲಿ ಕಾಯಿಸಿ ಕೊಟ್ಟು, ಮುದ್ದೆ ತಿರುವಿ, ತಟ್ಟೆಗೆ ಹಾಕಿ ದೊಡ್ಡತ್ತೆಯನ್ನು ಕರೆದರು. ದೊಡ್ಡತ್ತೆಗೆ ಬಡಿಸಿಕೊಂಡು ಗೊತ್ತಿರಲಿಲ್ಲ. ನೀರು ತರ್ತೀನಿ ಅಂತ ಎದ್ದರು, ಮಜ್ಜಿಗೆ ತರ್ತೀನಿ ಅಂತ ಎದ್ದರು.

“ಕೂತ್ಕೊಳ್ಳೇ ಸುಮ್ಮನೆ” ಅಂದರು ದೊಡ್ಡಮಾವ.

ದೊಡ್ಡತ್ತೆ ಕೂತು, ಮುರಿದು, ನುಂಗಿದರು. ದೊಡ್ಡಮಾವ ಕೋಲು ಹಿಡಿದು, ಬೆವರಿಕೊಂಡು, ಅವರ ಮುಖವನ್ನೇ ನೋಡುತ್ತಾ ನಿಂತಿದ್ದರು. “ಚೆನ್ನಾಗಿದೆ” ಅಂದರು ದೊಡ್ಡತ್ತೆ. ಮದುವೆಯಾದಂದಿನಿಂದ ಗಂಡ ತನಗೆ ಒಂದು ದಿನವೂ ಆಡದ ಮಾತನ್ನು ಆಕೆ ಮೊದಲ ತುತ್ತಿಗೇ ಆಡಿಬಿಟ್ಟರು! ದೊಡ್ಡಮಾವ ಹೊಗೆ ಹೊಗೆ ಅನ್ನುತ್ತಾ ಟವಲಿನಿಂದ ಕಣ್ಣು ಒರೆಸಿಕೊಂಡರು. ಒಲೆ ಆರಿಹೋಗಿತ್ತು.

ಅವರಿಬ್ಬರೂ ಆ ಸಲ ನಗರಗೆರೆಯಲ್ಲೇ ಉಳಿದರು, ನಾನೊಬ್ಬಳೇ ವಾಪಸು ಬಂದೆ. ಆ ಅಜ್ಜಿ ಕಣ್ಣು ಮುಚ್ಚಿದ್ದು ಮಗಳ ತೊಡೆಯ ಮೇಲೆ. ಮಧ್ಯಾಹ್ನದ ಹೊತ್ತಂತೆ, ಮಗಳು ಒಮ್ಮೆಯೂ ಅಲ್ಲಿಂದ ಏಳಬೇಕಾಗಿ ಬರಲಿಲ್ಲವಂತೆ. ಒಳಗೆ ಎಸರು ಇಟ್ಟಿದ್ದವರು ದೊಡ್ಡಮಾವ.