ಸಾಹೇಬರ ಸ್ನಾನ

ನಮ್ಮ ಮಾವನಷ್ಟು ಸ್ನಾನ ಮಾಡಿದ ಮನುಷ್ಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇನ್ನೊಬ್ಬ ಸಿಗಲಾರ. ಒಂದೇ ಬೆಳಗ್ಗೆ ಮೂರ್ನಾಲ್ಕು ಸಲ ಮಿಂದು, ಚಳಿಗೆ ಹಲ್ಲು ಕಟಕಟಿಸುತ್ತಾ, ಇನ್ನೊಂದು ಸಲಕ್ಕೆ ಚೊಂಬು ಎತ್ತಿದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಹಾಗಂತ ಅವರನ್ನು ಮಹಾ ಮಡಿವಂತರು ಅಂದುಕೊಳ್ಳಬೇಡಿ. ಆವತ್ತು ಸ್ನಾನ ಆಗಬೇಕಾಗಿದ್ದದ್ದು ಅವರಿಗಲ್ಲ, ನಾಯಿಗೆ!

ಮಾವ ಅಂದರೆ ನನ್ನ ತಾಯಿಯ ಅಣ್ಣ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಜೀಪು ಓಡಿಸಿಕೊಂಡಿದ್ದು ನಿವೃತ್ತರಾದವರು. ಸರ್ವೀಸೆಲ್ಲ ಒಬ್ಬರಲ್ಲ ಒಬ್ಬ ಸಾಹೇಬರಿಗೆ ಜೀಪಿನ ಬಾಗಿಲು ತೆಗೆದೂ ತೆಗೆದೂ ಕೈಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು. ನಿವೃತ್ತಿಯಾದ ಮೇಲೆ ಜೀಪೂ ಇಲ್ಲ, ಸಾಹೇಬರೂ ಇಲ್ಲ. ಮನುಷ್ಯ ಏನು ಮಾಡಬೇಕು? ಬಸ್ ಸ್ಟಾಂಡಿನ ಹಿಂದೆ ಅಲೆಯುತ್ತಿದ್ದ ಕಂದು ಬಣ್ಣದ ಬೀದಿನಾಯಿಯೊಂದನ್ನು ಮನೆಗೆ ಕರೆತಂದು ಅದಕ್ಕೆ ‘ಸಾಹೇಬ್ರು’ ಎಂದು ಹೆಸರಿಟ್ಟರು. ಊರಿನ ಗಂಡಸರನ್ನೆಲ್ಲ ‘ಏನ್ಲಾ, ಬಾರ್ಲಾ’ ಎಂದೇ ಕರೆಯುವ ಮಾವ, ನಾಯಿಗೆ ಮಾತ್ರ ‘ಊಟ ಆಯ್ತಾ ಸಾಹೇಬ್ರೆ? ಇತ್ಲಾಗ್ ಬನ್ನಿ, ಗಾಳಿ ಬತ್ತದೆ’ ಎನ್ನುತ್ತಿದ್ದರು. ಅದು ಹೊರಗೆ ಹೊರಟರೆ ಮುಂಬಾಗಿಲು ತೆಗೆದು, ಬಾಲ ಹೊಸಿಲು ದಾಟುವವರೆಗೂ ಹಿಡಿದುಕೊಂಡು ನಿಲ್ಲುತ್ತಿದ್ದರು. ನೋಡಿ ನೋಡಿ ನಮ್ಮ ಬಾಯಲ್ಲೂ ಆ ನಾಯಿಗೆ ಏಕವಚನ ಬರದಂತಾಯಿತು.

ಸಾಹೇಬರಿಗೆ ಒಳ್ಳೆಯ ಗುಣಗಳೆಲ್ಲ ಇದ್ದವು. ನೀರು ಕಂಡರೆ ಮಾತ್ರ ಆಗುತ್ತಿರಲಿಲ್ಲ. ನಲ್ಲಿ ತಿರುಗಿಸಿದ ಸದ್ದಾದರೆ ಮಂಚದ ಕೆಳಗೆ. ನಾಲ್ಕು ಹನಿ ಮಳೆ ಬಿದ್ದರೆ ಮಂಚದ ಕೆಳಗೆ. ಒಮ್ಮೆ ಪೂಜೆಗೆ ತೆಂಗಿನಕಾಯಿ ಒಡೆದಾಗ ಎರಡು ತೊಟ್ಟು ಕಾಯಿನೀರು ಮೂತಿಗೆ ಸಿಡಿದು, ಸಂಜೆಯವರೆಗೂ ಮಂಚದ ಕೆಳಗಿನಿಂದಲೇ ಆಡಳಿತ ನಡೆಸಿದರು.

ಇದರ ಕಾರಣ ತಿಳಿಯಬೇಕೆಂದು ಮಾವ ವಿಚಾರಣೆಯನ್ನೇ ಇಟ್ಟುಕೊಂಡರು. ಜಗುಲಿಯ ಮೇಲೆ ಎದುರುಬದುರು ಕೂತು, "ಸಾಹೇಬ್ರೆ, ಮರಿಯಾಗಿದ್ದಾಗ ಬಾವಿಗೇನಾರ ಬಿದ್ದಿದ್ರಾ? ಯಾರಾರ ಬಿಸ್ನೀರ್ ಎರಚಿದ್ರಾ? ಏಳ್ಬುಡಿ, ನಾನ್ ಯಾರ್ಗೂ ಏಳಕಿಲ್ಲ" ಎಂದು ಕೇಳಿದರು. ಸಾಹೇಬರು ಹಿಂಗಾಲೆತ್ತಿ ಕಿವಿ ಕೆರೆದುಕೊಂಡರು.

"ಸಂಕೋಚ ಕಣಮ್ಮಿ ಅವ್ರಿಗೆ," ಎಂದು ಮಾವ ನನಗೆ ವಿವರಿಸಿದರು.

ನಾನಾಗ ಚಾಮರಾಜನಗರದ ಶಾಲೆಯೊಂದರಲ್ಲಿ ಟೀಚರಾಗಿದ್ದೆ. ಶನಿವಾರ ಅರ್ಧ ದಿನ ಮುಗಿದೊಡನೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಗುಂಡ್ಲುಪೇಟೆಯ ಮಾವನ ಮನೆಗೆ ಬಂದರೆ, ಮತ್ತೆ ಹೊರಡುತ್ತಿದ್ದದ್ದು ಸೋಮವಾರ ಬೆಳಗ್ಗೆ. ಹಾಗಾಗಿ ಈ ಸ್ನಾನಕಾಂಡಕ್ಕೆ ನಾನೇ ಸಾಕ್ಷಿ.

ನಾಯಿಗೆ ಸ್ನಾನವೇ ಯಾಕೆ ಬೇಕಿತ್ತು ಅಂತೀರಾ? ಅತ್ತೆಗೆ ಬೇಕಿತ್ತು. ನಮ್ಮದು ಲಿಂಗಪೂಜೆಯ ಮನೆತನ. ಸೋಮವಾರ ಬಂತೆಂದರೆ ಮಿಂದು ವಿಭೂತಿ ಧರಿಸದೆ ಯಾರೂ ನಡುಮನೆಯಲ್ಲಿ ಸುಳಿಯುವಂತಿರಲಿಲ್ಲ. ಅತ್ತೆ ಆ ವಿಷಯದಲ್ಲಿ ಬಹಳ ಖಡಕ್ಕು. ಸಾಹೇಬರು ಬಾಲ ಅಲ್ಲಾಡಿಸಿಕೊಂಡು ಹತ್ತಿರ ಬಂದರೆ ಸೆರಗು ಒಟ್ಟುಮಾಡಿಕೊಂಡು ‘ಮಡಿ, ಮಡಿ’ ಎಂದು ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಸಾಹೇಬರ ಮೈಮೇಲೆ ರಕ್ತ ಹೀರುವ ಉಣ್ಣೆಹುಳ ಕಾಣಿಸಿಕೊಂಡ ಮೇಲಂತೂ ತೀರ್ಪೇ ಕೊಟ್ಟುಬಿಟ್ಟರು.

"ಮನೇಲಿರ ಜೀವ ಅಂದ್ಮೇಲೆ ಮೀಲೇಬೇಕು. ಕಾರ್ತೀಕದ ಸ್ವಾಮಾರ ಶುರುವಾಗದ್ರೊಳ್ಗೆ ಮೀಸ್ತೀರೋ, ಇಲ್ಲಾ ಭೀಮನಬೀಡು ಹೊಲಕ್ಕೆ ಬುಟ್ಬತ್ತೀರೋ, ನೀವೇ ನೋಡ್ಕಳಿ."

ಭೀಮನಬೀಡಿನಲ್ಲಿದ್ದ ಮಾವನ ಹೊಲ ಅಂದರೆ ಹಗುರವಾದ ಶಿಕ್ಷೆಯಲ್ಲ. ಆ ವರ್ಷ ಅಕ್ಕಪಕ್ಕದ ಪಂಪ್‌ಸೆಟ್ ಮನೆಗಳಲ್ಲಿ ಕಟ್ಟಿದ್ದ ನಾಯಿಗಳನ್ನು ಚಿರತೆ ಹೊತ್ತುಕೊಂಡು ಹೋಗಿತ್ತು. ಬಂಡೀಪುರದ ರಸ್ತೆಯಲ್ಲಿ ರಾತ್ರಿ ಗಾಡಿ ಓಡಾಟ ನಿಲ್ಲಿಸಿದ ಹೊಸತು. ‘ಲಾರಿ ಕಾಟ ತಪ್ತು, ಇನ್ಮೇಲೆ ಚಿರತೆಗಳು ಆರಾಮಾಗಿ ವಾಕಿಂಗ್ ಬತ್ತವೆ’ ಎಂದು ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದ ಮಾವ, ಅತ್ತೆಯ ತೀರ್ಪು ಕೇಳಿದ ಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮುಂದಿನ ಭಾನುವಾರವೇ ಕೆಲಸ ಶುರುವಾಯಿತು. ಹಿತ್ತಲಲ್ಲಿ ಹಂಡೆ ತುಂಬ ನೀರು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಚೆಡ್ಡಿ ಬನಿಯನ್ನಿನಲ್ಲಿ ಮಾವ. ಎದುರಿಗೆ, ಮಾರು ದೂರದಲ್ಲಿ, ಸಾಹೇಬರು.

"ನೋಡಿ ಸಾಹೇಬ್ರೆ, ಮೊದ್ಲು ನಾನು," ಎಂದು ಮಾವ ತಲೆಯ ಮೇಲೆ ಒಂದು ಚೊಂಬು ಸುರಿದುಕೊಂಡರು. "ಏನಾರ ಆಯ್ತಾ? ಏನೂ ಆಗ್ನಿಲ್ಲ. ಈಗ ನೀವು."

ಸಾಹೇಬರು ಇನ್ನೊಂದು ಮಾರು ಹಿಂದೆ ಸರಿದರು. ಸರಿಯಾಗಿ ಕಾಣಲಿಲ್ಲವೇನೋ ಎಂದು ಮಾವ ಮತ್ತೊಂದು ಚೊಂಬು ಸುರಿದುಕೊಂಡರು. ಸೋಪು ಹಚ್ಚಿ ತೋರಿಸಿದರು. ಕಣ್ಣಿಗೆ ಸೋಪು ಹೋದರೂ ಅಳಬಾರದು ಎಂಬುದನ್ನು ಅಳುತ್ತಲೇ ತೋರಿಸಿದರು. ತಲೆ ಒರೆಸಿಕೊಂಡು, ಬಟ್ಟೆ ಹಾಕಿಕೊಂಡು, ಮೊದಲಿನಿಂದ ಪಾಠ ಮಾಡಿದರು. ಹಂಡೆ ಬರಿದಾಯಿತು. ಸಾಹೇಬರ ಒಂದು ಕೂದಲೂ ನೆನೆಯಲಿಲ್ಲ. ಮಾವ ಹದಿನೈದು ದಿನ ಸೀನಿದರು.

"ಹಿಡಿದುಕೊಂಡು ಸುರಿದುಬಿಡಬಾರದೇ ಮಾವ?" ಎಂದು ನಾನು ಕೇಳಿದೆ.

"ಬಲವಂತ ಮಾಡಕಾಯ್ತದಾ? ಆನೆ ಅಡ್ಡ ನಿಂತ್ರೂ ಜೀಪಿನ ಆರನ್ ಒಡೀದೆ ಕಾದವ್ನು ಕಣಮ್ಮಿ ನಾನು."

ಬಸ್ ಸ್ಟಾಂಡಿನ ಬಳಿ ಬೇಕರಿ ಇಟ್ಟಿದ್ದ ಒಬ್ಬ ಮಲೆಯಾಳಿಗೆ ಈ ಸುದ್ದಿ ಮುಟ್ಟಿತು. ಅವನು ಬನ್ ಕಟ್ಟಿಕೊಡುತ್ತಲೇ, "ಚೇಟ್ಟಾ, ಆದ್ಯಂ ಎಣ್ಣ ತೇಕ್ಕಣಂ. ಎಣ್ಣೆ ಹಚ್ಚಿದ್ರೆ ನೀರು ಬಿದ್ದದ್ದೇ ನಾಯಿಗೆ ತಿಳಿಯಲ್ಲ" ಎಂದು ಉಪದೇಶಿಸಿದ. ಮಾವ ಒಂದು ಬಾಟಲಿ ಕೊಬ್ಬರಿ ಎಣ್ಣೆ ತಂದು ಕಿವಿಯಿಂದ ಬಾಲದವರೆಗೆ ತಿಕ್ಕಿದರು. ಸಾಹೇಬರಿಗೆ ಬಹಳ ಹಿಡಿಸಿತು. ಮಲಗಿ ಹೊಟ್ಟೆಗೂ ಹಚ್ಚಿಸಿಕೊಂಡರು. ಆಮೇಲೆ ಮಾವ ಚೊಂಬಿಗೆ ಕೈಹಾಕಿದರು ನೋಡಿ! ಎಣ್ಣೆ ಮೆತ್ತಿದ ನಾಯಿಯನ್ನು ಹಿಡಿಯುವುದು ಯಾರಿಂದ ಸಾಧ್ಯ? ಮಾವನ ಎರಡು ಕೈಯಿಂದಲೂ ಜಾರಿ, ಅತ್ತೆ ಹಿತ್ತಲಲ್ಲಿ ಒಣಹಾಕಿದ್ದ ಹಪ್ಪಳದ ಸಾಲುಗಳ ಮೇಲೆ ಉರುಳಿ, ಸಾಹೇಬರು ಮಂಚದ ಕೆಳಗೆ ಸೇರಿದರು. ಹೊರಗೆ ಬಂದಾಗ ಮೈಗೆಲ್ಲ ಹಪ್ಪಳ ಅಂಟಿತ್ತು. ಆ ವಾರ ಅತ್ತೆ ಮಾವನಿಗೆ ಊಟಕ್ಕೆ ಬರೀ ಮುದ್ದೆ ಮಜ್ಜಿಗೆ ಬಡಿಸಿದರು.

ಆಗ ಮಾವ ಅಡ್ಡದಾರಿ ಹಿಡಿದರು. ನಮ್ಮ ಮನೆಯಲ್ಲಿ ‘ಮಿಂದೆಯಾ?’ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಹಣೆ ನೋಡುತ್ತೇವೆ. ವಿಭೂತಿ ಇದ್ದರೆ ಸ್ನಾನವಾಗಿದೆ ಎಂದೇ ಲೆಕ್ಕ. ಒಂದು ಸೋಮವಾರ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ನೋಡುತ್ತೇನೆ, ಸಾಹೇಬರು ನಡುಮನೆಯಲ್ಲಿ, ಮಠದಿಂದ ಬಿಜಯಂಗೈದ ಗುರುಗಳಷ್ಟು ಗಂಭೀರವಾಗಿ ಕೂತಿದ್ದಾರೆ. ಹಣೆಯ ಮೇಲೆ ಬೆಳ್ಳಗೆ ಮೂರು ಪಟ್ಟೆ!

ಪೊರಕೆ ಎತ್ತಿಕೊಂಡು ಬಂದ ಅತ್ತೆ ಅರ್ಧದಲ್ಲೇ ನಿಂತರು. ವಿಭೂತಿ ಧರಿಸಿದ ಹಣೆಯ ಎದುರು ಪೊರಕೆ ಎತ್ತುವುದಾದರೂ ಹೇಗೆ? ಎತ್ತಿದ ಕೈ ಇಳಿಸಿ, ಮಾವನ ಮುಖ ನೋಡಿದರು.

"ಆಯ್ತು ಬುಡು, ಬೆಳಗ್ಗೆನೇ ಮಿಂದ್ಬುಟ್ರು," ಎಂದು ಮಾವ ಸೂರು ನೋಡಿದರು.

ಅಷ್ಟರಲ್ಲಿ ಮೂರು ಪಟ್ಟೆಯ ಮಧ್ಯದಿಂದ ಒಂದು ಉಣ್ಣೆ, ತಾನೂ ಮೈತುಂಬ ವಿಭೂತಿ ಬಳಿದುಕೊಂಡು, ಕಿವಿಯ ಕಡೆಗೆ ನಿಧಾನವಾಗಿ ಹೊರಟಿತು.

"ಅದೂ ಮಿಂದದಾ?" ಎಂದರು ಅತ್ತೆ.

ಹೀಗೆ ಕಾರ್ತೀಕ ಬಂದೇಬಿಟ್ಟಿತು. ಮೊದಲ ಸೋಮವಾರದ ಹಿಂದಿನ ದಿನ ಮಧ್ಯಾಹ್ನ ಬಾಗಿಲಿಗೆ ಆಟೋ ಬಂತು. ಮಾವ ಸಾಹೇಬರನ್ನು ಹತ್ತಿಸಿದರು. ಹಿಂದೆಯೇ ಜಮಖಾನದಲ್ಲಿ ಸುತ್ತಿದ ಹಾಸಿಗೆ, ಒಂದು ಟಾರ್ಚು, ಒಂದು ದೊಣ್ಣೆ ತಂದಿಟ್ಟು ತಾವೂ ಹತ್ತಿ ಕೂತರು.

"ಅದೇನದು ಹಾಸ್ಗೆ?" ಎಂದು ಅತ್ತೆ ಬಾಗಿಲಲ್ಲಿ ನಿಂತು ಕೇಳಿದರು.

"ಸಾಹೇಬ್ರು ಒಬ್ರೇ ಅಲ್ಲಿ ಇರಕಾಯ್ತದಾ? ನಾನೂ ಪಂಪ್‌ಸೆಟ್ ಮನೇಲೇ ಮಲಿಕತೀನಿ."

"ಚಿರತೆ ಬಂದ್ರೆ?"

"ಬರ್ಲಿ ಬುಡು. ಇಬ್ರಲ್ಲಿ ಯಾರ್ ಬೇಕು ಅಂತ ಅದೇ ಆರಿಸ್ಕಳ್ಳಿ."

ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಮಾವನ ಕೈ ನಾಯಿಯ ಕುತ್ತಿಗೆಯ ಮೇಲಿತ್ತು. ಅವರು ಹೋಗಿಯೇ ತೀರುತ್ತಾರೆ ಎಂಬುದು ನನಗೂ ಗೊತ್ತಾಯಿತು, ಅತ್ತೆಗೂ ಗೊತ್ತಾಯಿತು.

ಅತ್ತೆ ಒಳಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಒಂದು ಬೋಗುಣಿ ಬಿಸಿನೀರು, ಹಳೆಯ ಸೀರೆಯ ತುಂಡು. ಜಗುಲಿಯ ಮೇಲೆ ಕೂತು, "ಇಳಿಸಿ ಅದ್ನ. ನೀರು ಉಯ್ಯದ್ಯಾಕೆ? ಜ್ವರ ಬಂದ ಮಕ್ಳಿಗೆ ನಾವೇನ್ ಉಯ್ತೀವಾ? ಒರಸುದ್ರೂ ಮಿಂದಂಗೇಯ" ಎಂದರು.

ಮಾವ ಕೂತಲ್ಲಿಂದಲೇ ಸಾಹೇಬರನ್ನು ಜಗುಲಿಯ ಮುಂದೆ ಇಳಿಸಿದರು. ಬಟ್ಟೆಯನ್ನು ಅದ್ದಿ, ಬಿಗಿಯಾಗಿ ಹಿಂಡಿ, ಅತ್ತೆ ಕೈ ಮುಂದೆ ಮಾಡಿದರು. ಬಳೆಗಳು ಗಲಗಲ ಎಂದವು. ಕೈ ಹಿಂದಕ್ಕೆ ಎಳೆದುಕೊಂಡರು. ಮತ್ತೆ ಮುಂದೆ ಮಾಡಿದರು, ಮತ್ತೆ ಬಳೆ ಸದ್ದಾಯಿತು. ಆಗ ನನಗೆ ಕಂಡಿತು, ಅತ್ತೆ ಮೊಣಕೈವರೆಗೆ ನಡುಗುತ್ತಿದ್ದರು. ಮಡಿಯೂ ಅಲ್ಲ, ಉಣ್ಣೆಯೂ ಅಲ್ಲ. ಅತ್ತೆಗೆ ನಾಯಿ ಕಂಡರೆ ಭಯ. ನೀರಿಗೆ ಹೆದರುವ ಜೀವ ಒಂದು, ಅದಕ್ಕೆ ಹೆದರುವ ಜೀವ ಇನ್ನೊಂದು, ಎರಡೂ ಒಂದನ್ನೊಂದು ನೋಡುತ್ತಾ ನಡುಗುತ್ತಿದ್ದವು. ಕೊನೆಗೆ ಅತ್ತೆ ಕಣ್ಣು ಮುಚ್ಚಿಕೊಂಡು ಬೆಚ್ಚಗಿನ ಬಟ್ಟೆಯನ್ನು ಅದರ ಬೆನ್ನ ಮೇಲಿಟ್ಟರು. ಸಾಹೇಬರು ಓಡಲಿಲ್ಲ.

ಮಾವ ಆಟೋದಿಂದ ಇಳಿದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. "ನಿಂಗ್ ಭಯನಾ? ಇಷ್ಟ್ ದಿನ ಯಾಕ್ ಏಳ್ನಿಲ್ಲ?"

"ಮಡಿ ಅಂದ್ರೆ ಮೀಸಕ್ ನೋಡ್ತೀರಿ. ಹೊಲಕ್ ಬುಡಿ ಅಂದಿದ್ದು ಬರೀ ಬೆದ್ರಿಸಕೆ," ಎಂದರು ಅತ್ತೆ, ಕಣ್ಣು ಬಿಟ್ಟು ನಾಯಿಯನ್ನೇ ನೋಡುತ್ತಾ. "ಭಯ ಅಂದಿದ್ರೆ ಅವತ್ತೇ ಬುಟ್ಬಂದ್ಬುಡ್ತಿದ್ರಿ. ರಿಟೈರಾಗಿ ಮೂಲೆ ಸೇರ್ಕಂಡು ತಿಂಗ್ಳುಗಟ್ಲೆ ಒಂದ್ ಮಾತಾಡ್ನಿಲ್ಲ ನೀವು. ಇದು ಬಂದ್ಮೇಲಲ್ವಾ ಬಾಯ್ ಬುಟ್ಟಿದ್ದು."

ಮಾವ ಇನ್ನಷ್ಟು ಹತ್ತಿರ ಸರಿದರು. ಅತ್ತೆಯ ನಡುಗುವ ಕೈಯ ಮೇಲೆ ತಮ್ಮ ಕೈ ಇಟ್ಟರು. ಎರಡು ಕೈಯೂ ಸೇರಿ ಆ ಬಟ್ಟೆಯನ್ನು ನಿಧಾನವಾಗಿ ಬೆನ್ನುದ್ದಕ್ಕೂ ಎಳೆದವು. ನನಗೆ ಕಣ್ಣು ತುಂಬಿ ಬಂತು. ಆಟೋದವನಿಗೆ ‘ನೀನು ಹೋಗಪ್ಪ’ ಎಂದು ಹೇಳಿ, ಮಾವನ ಹಾಸಿಗೆಯನ್ನು ಇಳಿಸಿಕೊಂಡು ಒಳಗೆ ತಂದು ಹಾಸಿದೆ.