ಅಜ್ಜಿಯ ಕರಾರಿನಲ್ಲಿ ಇಂಗ್ಲೆಂಡಿನ ಸೂರ್ಯ

ನನ್ನ ಅಕ್ಕನ ಮಗಳು ಹುಟ್ಟಿದಾಗ ಎಲ್ಲ ಮಕ್ಕಳ ಹಾಗೆ ಅಳಲಿಲ್ಲ, ಆಕ್ಷೇಪಣೆ ಸಲ್ಲಿಸಿದಳು! ಆಸ್ಪತ್ರೆಯಲ್ಲಿ ನಾನೇ ಇದ್ದೆ, ಕಿವಿಯಾರೆ ಕೇಳಿದ್ದೇನೆ. ಆದರೆ ಈ ಮಾತನ್ನು ಅವಳ ಎದುರು ಹೇಳುವ ಧೈರ್ಯ ನನಗಿಲ್ಲ. "ಮಾವ, ನೀವು ಬಾಗಿಲಿನ ಒಳಗಿದ್ರಾ, ಹೊರಗಾ? ಒಳಗೆ ಒಂದೇ ಮಗು ಇದ್ದದ್ದಾ?" ಎಂದು ಪಾಟೀಸವಾಲು ಶುರುವಾಗುತ್ತದೆ. ಹೆಸರನ್ನಂತೂ ಇಲ್ಲಿ ಬರೆಯುವುದಿಲ್ಲ. ಮಾನನಷ್ಟದ ನೋಟೀಸು ಕಳುಹಿಸುವವರ ಪೈಕಿ ಅವಳು.

ಅಕ್ಕ ಮತ್ತು ಭಾವನ ಮನೆ ಬೆಳ್ತಂಗಡಿಯಲ್ಲಿ. ಭಾವನದು ಬಟ್ಟೆ ಅಂಗಡಿ. ನಾನು, ನನ್ನ ಹೆಂಡತಿ, ನನ್ನ ಅಮ್ಮ ಇರುವುದು ಬಂಟ್ವಾಳದಲ್ಲಿ. ಹುಡುಗಿಯನ್ನು ಸೇರಿಸಿದ್ದು ಮೂಡುಬಿದಿರೆ ಕಡೆಯ ಒಂದು ಅಂತಾರಾಷ್ಟ್ರೀಯ ಶಾಲೆಗೆ. ಅಂತಾರಾಷ್ಟ್ರೀಯ ಯಾಕೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂಬ ಮೂರೂ ರಾಷ್ಟ್ರಗಳಿಂದ ಅಲ್ಲಿಗೆ ಮಕ್ಕಳು ಬರುತ್ತಿದ್ದರು! ಅಲ್ಲಿ ಪಾಠಕ್ಕಿಂತ ಚರ್ಚೆ ಜಾಸ್ತಿ. ಎರಡೂ ಎರಡೂ ನಾಲ್ಕು ಎಂದು ಮೇಷ್ಟ್ರು ಹೇಳಿದರೆ, "ಇದಕ್ಕೆ ಇನ್ನೊಂದು ದೃಷ್ಟಿಕೋನವೂ ಇರಬಹುದಲ್ವಾ ಸರ್?" ಎಂದು ಕೇಳಬೇಕು. ಕೇಳಿದವರಿಗೆ ಬಹುಮಾನದ ಕಪ್ಪು! ನಮ್ಮವಳು ಗೆದ್ದು ತಂದ ಕಪ್ಪುಗಳಲ್ಲಿ ಅಕ್ಕ ಈಗ ಜೀರಿಗೆ, ಮೆಂತ್ಯೆ ತುಂಬಿಸಿಟ್ಟಿದ್ದಾಳೆ.

ಈ ವಿದ್ಯೆಯನ್ನು ಅವಳು ಶಾಲೆಯ ಗೇಟಿನೊಳಗೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಒಮ್ಮೆ ನಾವಿಬ್ಬರೂ ಮಂಗಳೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಫರಂಗಿಪೇಟೆಯಲ್ಲಿ ಇನ್ನೂ ಹತ್ತು ಜನ ಹತ್ತಿದರು. ಕಂಡಕ್ಟರ್ ಎಂದಿನಂತೆ, "ಒಳಗೆ ಹೋಗಿ, ಜಾಗ ಉಂಟು, ಜಾಗ ಉಂಟು" ಎಂದ. ನಾವೆಲ್ಲ ಅದನ್ನು ಹುಟ್ಟಿನಿಂದಲೂ ಕೇಳಿದವರು. ಇವಳು ಬಿಡಬೇಕಲ್ಲ!

"ಎಲ್ಲಿ ಉಂಟು ತೋರಿಸಿ. ಪುರಾವೆ ಇಲ್ಲದೆ ಹಾಗೆ ಹೇಳ್ಲಿಕ್ಕೆ ಆಗುದಿಲ್ಲ."

ಕಂಡಕ್ಟರ್ ಅವಳನ್ನು ಮೇಲಿನಿಂದ ಕೆಳಗೆ ನೋಡಿ ಸಮಾಧಾನವಾಗಿ ಹೇಳಿದ: "ನೀನು ಇಳಿ ಮಾರಾಯ್ತಿ, ಈಗಲೇ ತೋರಿಸ್ತೇನೆ."

ಅವಳು ಸೋತ ಮೊದಲ ಕೇಸು ಅದು.

ಹನ್ನೆರಡನೆಯ ತರಗತಿ ಮುಗಿಯುವ ಹೊತ್ತಿಗೆ ಇಂಗ್ಲೆಂಡಿಗೆ ಹೋಗಿ ಕಾನೂನು ಓದುತ್ತೇನೆ ಎಂದಳು. ಭಾವ, "ಇಲ್ಲಿ ಕಾನೂನು ಇಲ್ವಾ?" ಎಂದು ಕೇಳಿದ್ದಕ್ಕೆ ಒಂದು ಗಂಟೆ ಉತ್ತರ ಬಂತು, ಭಾವ ಊಟ ಬಿಟ್ಟು ಅಂಗಡಿಗೆ ಓಡಿದ. ಅರ್ಜಿಯ ಜೊತೆಗೆ ಒಂದು ಪ್ರಬಂಧ ಬೇಕಂತೆ, ನಾನು ಯಾಕೆ ಕಾನೂನು ಓದಬೇಕು ಎಂಬ ವಿಷಯದಲ್ಲಿ. ಬದುಕಿನಲ್ಲಿ ಕಂಡ ಅನ್ಯಾಯವೊಂದನ್ನು ಮನ ಕಲಕುವಂತೆ ಬರೆಯಿರಿ ಎಂದು ಶಾಲೆಯವರ ಸಲಹೆ. ಪಾಪ, ಎಸಿ ಬಸ್ಸಿನಲ್ಲಿ ಶಾಲೆಗೆ ಹೋಗಿ ಬಂದ ಹುಡುಗಿಗೆ ಅನ್ಯಾಯ ಎಲ್ಲಿಂದ ಸಿಗಬೇಕು? ನೋಟ್‌ಬುಕ್ ಹಿಡಿದು ನಮ್ಮ ಮನೆಗೇ ಬಂದಳು.

"ಮಾವ, ನಿಮಗೆ ಯಾವತ್ತಾದ್ರೂ ದೊಡ್ಡ ಅನ್ಯಾಯ ಆಗಿದೆಯಾ?"

ನಾನು ಹಿಂದೆ ಮುಂದೆ ನೋಡದೆ ಹೇಳಿದೆ: "ಮಾಣಿ ಊರಿನಲ್ಲಿ ಒಂದು ಮದುವೆ. ನನ್ನ ಎಲೆಯ ಹತ್ತಿರ ಬರುವಾಗ ಹೋಳಿಗೆ ಮುಗಿಯಿತು. ಪಕ್ಕದವನಿಗೆ ಎರಡು ಬಡಿಸಿದ್ದರು!"

ನಗುತ್ತಾಳೆ ಎಂದುಕೊಂಡೆ. ಅವಳು ಬರೆದುಕೊಂಡಳು! ಬಡಿಸಿದವರು ಯಾರು, ಮೊದಲ ಪಂಕ್ತಿಯಲ್ಲಿ ಕೂತವರು ಯಾರು, ಕೊನೆಯ ಪಂಕ್ತಿಗೆ ಏನು ಉಳಿಯುತ್ತದೆ, ಹೆಂಗಸರು ಯಾವಾಗ ಉಣ್ಣುತ್ತಾರೆ ಎಂದೆಲ್ಲ ಕೇಳಿ ನಾಲ್ಕು ಪುಟ ತುಂಬಿಸಿದಳು. ಎರಡು ತಿಂಗಳಲ್ಲಿ ಇಂಗ್ಲೆಂಡಿನಿಂದ ಸೀಟು ಕೊಟ್ಟ ಪತ್ರ ಬಂತು. ಬೇರೆಯವರ ಮಕ್ಕಳು ವಿದ್ಯಾರ್ಥಿವೇತನದಿಂದ ಹೋಗುತ್ತಾರೆ. ನಮ್ಮವಳು ನನ್ನ ಹೋಳಿಗೆಯಿಂದ ಹೋದಳು.

ಆದರೆ ಸೀಟು ಕೊಟ್ಟದ್ದು ಇಂಗ್ಲೆಂಡಿನವರು ಮಾತ್ರ. ನನ್ನ ಅಮ್ಮ, ಅಂದರೆ ಅವಳ ಅಜ್ಜಿ, ಒಪ್ಪಬೇಕಲ್ಲ! ನಮ್ಮ ಕುಟುಂಬದಲ್ಲಿ ಅಮ್ಮ ಹೂಂ ಎನ್ನದೆ ಮಗುವಿನ ಕಿವಿಯನ್ನೂ ಚುಚ್ಚಿಸುವುದಿಲ್ಲ. ಅಮ್ಮನಿಗೆ ಎಂಬತ್ತನಾಲ್ಕು. ಅವಳು ಮೊಮ್ಮಗಳ ಮಾತನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದಳು.

"ಮೂರು ವರ್ಷ ಅಂತೀಯಲ್ಲ, ನೀನು ಓದಿ ಬರುವಾಗ ನಾನು ಇರ್ತೇನಾ?"

ಎಲ್ಲದಕ್ಕೂ ಉತ್ತರವಿದ್ದ ಹುಡುಗಿ ಎದ್ದು ಬಂದು ಅಜ್ಜಿಗೆ ಒತ್ತಿ ಕೂತಳು. ಅಮ್ಮನೇ ಕರಗಿದಳು. "ಹೋಗು. ಆದ್ರೆ ಸೂರ್ಯ ಮುಳುಗುವ ಮೊದಲು ಉಣ್ಬೇಕು. ಅಷ್ಟೇ."

ನಾವು ಜೈನರು. ನಮ್ಮಂಥವರು ಮದುವೆಯ ರಿಸೆಪ್ಶನ್ನುಗಳಲ್ಲಿ ಐಸ್‌ಕ್ರೀಮಿನ ಆಸೆಗೆ ಸೂರ್ಯನಿಗೆ ಎಷ್ಟೋ ಸಲ ಮೋಸ ಮಾಡಿದ್ದೇವೆ. ಅಮ್ಮ ಒಂದು ದಿನವೂ ಮಾಡಿಲ್ಲ. ಜ್ವರ ಬಂದಾಗಲೂ ಕತ್ತಲಾದ ಮೇಲೆ ಗಂಜಿ ಮುಟ್ಟಿದವಳಲ್ಲ.

ಹುಡುಗಿ ತಕ್ಷಣ ಚೇತರಿಸಿಕೊಂಡಳು. "ಬಾಯಿಮಾತು ಬೇಡ ಅಜ್ಜಿ, ಕರಾರು ಮಾಡುವ" ಎಂದು ಒಳಗೆ ಹೋಗಿ ಒಂದು ಹಾಳೆ ತುಂಬ ಬರೆದು ತಂದಳು. ತಾನು ವಾಸಿಸುವ ಊರಿನಲ್ಲಿ, ಆಯಾ ದಿನ ಸೂರ್ಯ ಮುಳುಗುವ ಮೊದಲು ಊಟ ಮುಗಿಸತಕ್ಕದ್ದು. ಕ್ಲಾಸು, ಚಳಿ, ಗೆಳತಿಯರ ಒತ್ತಾಯ ಮುಂತಾದ ಯಾವ ಕಾರಣಕ್ಕೂ ವಿನಾಯಿತಿ ಇಲ್ಲ. ನೀರು ಮಾತ್ರ ಕುಡಿಯಬಹುದು. ಅಜ್ಜಿ, ಮೊಮ್ಮಗಳು ಸಹಿ ಹಾಕಿದರು. ಸಾಕ್ಷಿ ನಾನು.

ಸಹಿಯಾದ ಮೇಲೆ ನನ್ನನ್ನು ಜಗಲಿಗೆ ಎಳೆದು ಮೊಬೈಲ್ ತೋರಿಸಿದಳು. ಅದು ಜೂನ್ ತಿಂಗಳು. "ನೋಡಿ ಮಾವ, ಅಲ್ಲಿ ಸೂರ್ಯ ಮುಳುಗುದು ಒಂಬತ್ತು ಗಂಟೆ ದಾಟಿದ ಮೇಲೆ! ಎಂಟೂವರೆಗೆ ಆರಾಮದಲ್ಲಿ ಪಿಜ್ಜಾ ತಿಂತೇನೆ. ವಾಸಿಸುವ ಊರಿನಲ್ಲಿ ಅಂತ ನಾನು ಯಾಕೆ ಬರೆದದ್ದು ಗೊತ್ತಾಯ್ತಾ?"

ಗೊತ್ತಾಯಿತು. ಅಜ್ಜಿಯನ್ನೇ ಯಾಮಾರಿಸಿದ ಈ ಹುಡುಗಿ ಸುಪ್ರೀಂ ಕೋರ್ಟಿಗೇ ಹೋಗುವವಳು ಎಂದುಕೊಂಡೆ.

ಸೆಪ್ಟೆಂಬರಿನಲ್ಲಿ ಹೋದಳು. ಡಿಸೆಂಬರ್ ಬಂತು. ಒಂದು ಭಾನುವಾರ ಸಂಜೆ ಐದೂವರೆಗೆ, ಅಮ್ಮ ಊಟಕ್ಕೆ ಕೂತಿದ್ದಾಗ ಅವಳ ವೀಡಿಯೊ ಕರೆ. ಅಲ್ಲಿ ಆಗ ಮಟಮಟ ಮಧ್ಯಾಹ್ನ. ಮುಖ ಅರ್ಧವಾಗಿತ್ತು.

"ಎಂತ ಮಾರಾಯ್ತಿ, ಪಿಜ್ಜಾ ಸಿಗುದಿಲ್ವಾ?" ಎಂದೆ.

"ಮಾವ, ಇಲ್ಲಿ ಈಗ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗ್ತಾನೆ!"

ನಾನು ಹೊಟ್ಟೆ ಹಿಡಿದು ನಕ್ಕೆ. ಅಂತಾರಾಷ್ಟ್ರೀಯ ಶಾಲೆಯಲ್ಲಿ ಜಗತ್ತಿನ ಸಮಸ್ಯೆಗಳನ್ನೆಲ್ಲ ಚರ್ಚಿಸಿದ್ದರು. ಚಳಿಗಾಲದಲ್ಲಿ ಹಗಲು ಗಿಡ್ಡವಾಗುತ್ತದೆ ಎಂಬ ವಿಷಯ ಮಾತ್ರ ಚರ್ಚೆಗೆ ಬಂದಿರಲಿಲ್ಲ! ಕ್ಲಾಸು ಮುಗಿಯುವುದು ನಾಲ್ಕಕ್ಕೆ. ಮಧ್ಯಾಹ್ನ ಉಂಡರೆ ಮತ್ತೆ ಮರುದಿನ ಬೆಳಿಗ್ಗೆಯೇ. ಸಂಜೆ ಗೆಳತಿಯರು ಹೋಟೆಲಿನಲ್ಲಿ ಉಣ್ಣುವಾಗ ಇವಳು ಒಂದು ಲೋಟ ನೀರು ಇಟ್ಟುಕೊಂಡು ಕೂರುತ್ತಾಳೆ.

"ಏನಾದರೂ ಒಂದು ದಾರಿ ಹುಡುಕು. ನೀನು ವಕೀಲೆ ಆಗುವವಳಲ್ವಾ?"

"ಹುಡುಕಿದೆ ಮಾವ. ನಾನೇ ಬರೆದದ್ದಲ್ವಾ? ಒಂದೂ ಸಂದು ಬಿಟ್ಟಿಲ್ಲ."

ಯಾರು ನೋಡುತ್ತಾರೆ, ತಿಂದುಬಿಡು ಎನ್ನಬೇಕೆಂದಿದ್ದೆ. "ಅಜ್ಜಿಗೆ ಸಹಿ ಹಾಕಿ ಕೊಟ್ಟಿದ್ದೇನೆ" ಎಂದಳು. ನನ್ನ ನಗು ಅಲ್ಲಿಗೇ ನಿಂತಿತು.

ಅಮ್ಮನಿಗೆ ಎಲ್ಲ ಕೇಳಿಸಿತ್ತು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, "ಆ ಕಾಗದ ತಾ" ಎಂದಳು. ತಂದುಕೊಟ್ಟೆ. "ಅದನ್ನು ಹೊಡೆದು ಹಾಕು. ನನ್ನ ನೇಮ ನನಗೆ. ಮಗು ಹಸಿವಾದಾಗ ಉಣ್ಲಿ ಅಂತ ಬರಿ."

ಯಾರಿಗೂ ಒಂದಿಂಚು ಬಿಟ್ಟುಕೊಡದ ನಮ್ಮ ಅಮ್ಮ! ನಾನು ಹಾಗೇ ಬರೆದೆ. ಅಮ್ಮ ಕೆಳಗೆ ಸಹಿ ಹಾಕಿದಳು. ಫೋನಿನ ಆ ಕಡೆ ಮೂಗೊರೆಸಿಕೊಂಡ ಸದ್ದು. ಆಮೇಲೆ ಹುಡುಗಿ ಹೇಳಿದಳು:

"ಇವತ್ತಿಂದಲೇ ಉಣ್ತೇನೆ ಅಜ್ಜಿ. ಆದ್ರೆ ಅದು ಬರೇ ಮಧ್ಯಂತರ ಆದೇಶ. ತಿದ್ದುಪಡಿ ಖಾಯಂ ಆಗ್ಬೇಕಾದ್ರೆ ನನ್ನ ಸಹಿಯೂ ಬೇಕು. ಇಬ್ಬರೂ ಎದುರೆದುರು ಕೂತೇ ಹಾಕ್ಬೇಕು ಅಂತ ಕರಾರಿನಲ್ಲಿ ಉಂಟು. ನಾನು ಜೂನಿಗೆ ಬರ್ತೇನೆ. ಅಲ್ಲಿವರೆಗೆ ನೀವು ಇರ್ಲೇಬೇಕು. ತಪ್ಪಿಸ್ಲಿಕ್ಕೆ ಇಲ್ಲ."

ನಾನು ಕಾಗದವನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. ಅಂಥ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಪುರಾವೆ ಇಲ್ಲದೆ ಬಸ್ಸಿನ ಕಂಡಕ್ಟರನನ್ನೂ ಬಿಡದ ಹುಡುಗಿ!

"ಹಾಗಂತ ಉಂಟಾ?" ಅಮ್ಮ ನನ್ನ ಮುಖ ನೋಡಿ ಕೇಳಿದಳು.

ಸಾಕ್ಷಿ ನಾನೇ ಅಲ್ಲವೇ? "ಉಂಟಮ್ಮ" ಎಂದೆ.

ಅಮ್ಮ ಕಾಗದವನ್ನು ಮಡಚಿ ನನ್ನ ಕೈಗೆ ಕೊಟ್ಟು ಮತ್ತೆ ಊಟಕ್ಕೆ ಕೈ ಹಾಕಿದಳು. "ಆ ಪೆನ್ನನ್ನೂ ಅದರ ಜೊತೆಗೇ ಇಡು" ಎಂದಳು. "ಅವಳು ಬಂದಾಗ ಹುಡುಕ್ತಾ ಕೂರುದು ಬೇಡ."