ಚಕ್ರ ಮುಟ್ಟದ ಪವರ್

ಕಾರು ಕೆಡುವುದು ಒಂದು ಕಡೆ, ಕಾರಿನವರು ಅದನ್ನು ಅರ್ಥ ಮಾಡಿಕೊಳ್ಳುವುದು ಇನ್ನೊಂದು ಕಡೆ. ಇವೆರಡರ ನಡುವೆ ಕಡೂರಿನಲ್ಲಿ ಗ್ಯಾರೇಜು ಇಟ್ಟುಕೊಂಡು ಕೂತವನಿಗೆ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ನನ್ನ ಕೆಲಸದ ಮೇಲೆ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ ಒಂದೇ ಒಂದು ಕಾರು ನನ್ನನ್ನು ಚೆನ್ನಾಗಿ ಆಟ ಆಡಿಸಿತು.

ಅದು ಅಜ್ಜಂಪುರದ ಈರುಳ್ಳಿ ಮಂಡಿ ಯಜಮಾನರದು. ಪವರ್ ಹೆಚ್ಚಲೆಂದು ಇಂಜಿನ್ನಿನ ಬೋರು ದೊಡ್ಡದು ಮಾಡಿ, ಎರಡು ಕಾರ್ಬುರೇಟರ್ ಕೂರಿಸಿಕೊಟ್ಟವನು ನಾನೇ. ಆದರೂ ಕಾಫಿ ತೋಟದ ಸಾಹುಕಾರರೊಬ್ಬರ ಕಾರು ತರೀಕೆರೆ ರಸ್ತೆಯಲ್ಲಿ ಅದನ್ನು ಹಿಂದೆ ಹಾಕಿತು. ಸಾಹುಕಾರರು ಅಷ್ಟಕ್ಕೇ ಬಿಡದೆ ನನ್ನ ಗ್ಯಾರೇಜಿಗೂ ಬಂದು ರೇಗಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. "ಮೂರು ತಿಂಗಳು ಟೈಮ್ ಕೊಡಿ. ಈ ಕಾರು ನಿಮ್ಮದಕ್ಕಿಂತ ಮುಂದೆ ಹೋಗ್ದಿದ್ರೆ ಗ್ಯಾರೇಜಿನ ಬೋರ್ಡು ಇಳಿಸ್ತೀನಿ" ಅಂದುಬಿಟ್ಟೆ. ಸುತ್ತ ಹತ್ತು ಜನ ಕೇಳಿಸಿಕೊಂಡರು. ಇನ್ನು ಹಿಂದೆಗೆಯುವಂತಿರಲಿಲ್ಲ.

೧. ಸೋರಿಕೆ

ಇಂಜಿನ್ನಿನಲ್ಲಿ ಹುಟ್ಟುವ ಪವರೆಲ್ಲ ಚಕ್ರಕ್ಕೆ ಬರುತ್ತಿಲ್ಲವೆಂದು ಕಂಡುಹಿಡಿಯಲು ನನಗೆ ಒಂದು ದಿನ ಸಾಕಾಯಿತು. ಕ್ಲಚ್ಚು ಜಾರುತ್ತಿತ್ತು. ಗೇರಿನ ಎಣ್ಣೆ ಬೆಲ್ಲದ ಪಾಕದಷ್ಟು ಮಂದವಾಗಿತ್ತು. ಬ್ರೇಕು ಬಿಟ್ಟ ಮೇಲೂ ಚಕ್ರವನ್ನು ಹಿಡಿದುಕೊಂಡೇ ಇರುತ್ತಿತ್ತು.

ಕಾರಿಗೇನಾಗಿದೆ ಎಂದು ಯಜಮಾನರ ತಾಯಿ ಕೇಳಿದರು. ಅವರಿಗೆ ಕ್ಲಚ್ಚು ಗೇರು ಎಲ್ಲ ವಿವರಿಸುತ್ತ ಕೂರುವುದು ಬೇಡವೆಂದು, ದಾರಿಯಲ್ಲಿ ಪವರ್ ಸೋರಿ ಹೋಗುತ್ತಿದೆ ಎಂದು ಸುಲಭವಾಗಿ ಹೇಳಿದೆ.

ಮರುವಾರ ಅಜ್ಜಂಪುರಕ್ಕೆ ಹೋದರೆ ಕಾರಿನ ಕೆಳಗೆ ಈರುಳ್ಳಿ ಚೀಲ ಹಾಸಿ, ಅದರ ಮೇಲೆ ಉದ್ದಕ್ಕೂ ಹಿತ್ತಾಳೆ ತಟ್ಟೆಗಳನ್ನು ಇಟ್ಟಿದ್ದರು. ಪಕ್ಕದಲ್ಲಿ ಮಣೆ ಹಾಕಿಕೊಂಡು ಆ ತಾಯಿ ಕೂತಿದ್ದರು. "ಬೆಳಗ್ಗಿಂದ ಕಾಯ್ತಾ ಇದೀನಿ ಕಣಪ್ಪ, ಒಂದು ತೊಟ್ಟೂ ಬಿದ್ದಿಲ್ಲ. ಸೋರೋದು ನಿನ್ನ ಗ್ಯಾರೇಜಲ್ಲೇ ಇರ್ಬೇಕು, ನೋಡ್ಕೊ ಹೋಗು" ಅಂದರು.

೨. ಸುಣ್ಣದ ಕಲ್ಲು

ಪವರ್ ಎಷ್ಟು ನಷ್ಟವಾಗುತ್ತಿದೆ ಎಂದು ಅಳೆಯಲು ನನ್ನ ಹತ್ತಿರ ಯಾವ ಯಂತ್ರವೂ ಇರಲಿಲ್ಲ. ಶಿವನಿ ರಸ್ತೆಯಲ್ಲಿ ಒಂದು ಇಳಿಜಾರಿತ್ತು. ಅದರ ತಲೆಯಿಂದ ಕಾರನ್ನು ನ್ಯೂಟ್ರಲ್ಲಿನಲ್ಲಿ ಬಿಟ್ಟು, ಅದು ತಾನಾಗಿ ಉರುಳಿ ನಿಂತ ಕಡೆ ಸುಣ್ಣ ಬಳಿದ ಕಲ್ಲೊಂದನ್ನು ಇಟ್ಟೆ. ಹಿಡಿತ ಕಡಿಮೆಯಾದಷ್ಟೂ ಕಾರು ಹೆಚ್ಚು ದೂರ ಉರುಳಬೇಕು. ಲೆಕ್ಕ ಸರಿಯಾಗಿಯೇ ಇತ್ತು.

ಬ್ರೇಕು ಸರಿಮಾಡಿ, ಬೇರಿಂಗು ಬದಲಾಯಿಸಿ, ತೆಳು ಎಣ್ಣೆ ಹಾಕಿ ಮತ್ತೆ ಬಿಟ್ಟೆ. ಕಾರು ಕಲ್ಲಿಗೆ ಹತ್ತು ಮಾರು ಹಿಂದೆಯೇ ನಿಂತಿತು! ನಾಲ್ಕು ದಿನ ಗೇರ್ ಬಾಕ್ಸ್ ಬಿಚ್ಚಿ ಜೋಡಿಸಿದೆ. ಈ ಸಲ ಇಪ್ಪತ್ತು ಮಾರು ಹಿಂದೆ. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಪಕ್ಕದ ಹೊಲದವನು ಬಂದು ಕೈಮುಗಿದ. ಸರ್ವೆಯವರು ರಸ್ತೆ ಅಗಲ ಮಾಡಲು ಗುರುತು ಹಾಕಿದ್ದಾರೆಂದು ತಿಳಿದು, ಕಲ್ಲನ್ನು ತನ್ನ ಹೊಲದ ಗಡಿ ದಾಟಿಸಲು ದಿನಾ ಒಂದಿಷ್ಟು ಮುಂದಕ್ಕೆ ಜರುಗಿಸುತ್ತಿದ್ದವನು ಅವನೇ.

ನಾನು ಸರ್ವೆಯವನಲ್ಲ, ಮೆಕ್ಯಾನಿಕ್ಕು, ಕಾರು ಎಷ್ಟು ಓಡುತ್ತದೆಂದು ಅಳೆಯುತ್ತಿದ್ದೇನೆ ಎಂದು ಬಿಡಿಸಿ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು, "ಅದೆಲ್ಲ ಇರ್ಲಿ ಸ್ವಾಮಿ, ನನ್ನ ಖಾತೇಲಿ ಎಷ್ಟು ಗುಂಟೆ ಹೋಯ್ತು?" ಅಂದ.

೩. ಹಗುರ

ತಿರುಗುವ ಸಾಮಾನು ಭಾರವಿದ್ದಷ್ಟೂ ಇಂಜಿನ್ನು ಅದನ್ನು ತಿರುಗಿಸುವುದರಲ್ಲೇ ದಣಿಯುತ್ತದೆ. ಅದಕ್ಕೆ ಇಂಜಿನ್ನಿನ ಹಿಂದಿರುವ ಭಾರದ ಗಾಲಿ, ಫ್ಲೈವೀಲನ್ನು, ನಾನೂ ಯಜಮಾನರೂ ತರೀಕೆರೆಯ ಲೇತ್ ಸಾಬರ ಹತ್ತಿರ ಒಯ್ದೆವು. ಸಾಬರದು ಚಿನ್ನದಂಥ ಕೈ. ಮಧ್ಯಾಹ್ನದ ಹೊತ್ತಿಗೆ ಸುಮಾರು ಎರಡು ಸೇರಿನಷ್ಟು ಕಬ್ಬಿಣ ಹೆರೆದು, ನಾವು ತಂದ ಜೀಪಿನಲ್ಲೇ ಕೂತು ಕಡೂರಿಗೆ ಬಂದು, ನನ್ನ ಜೊತೆ ನಿಂತು ಅದನ್ನು ಕೂರಿಸಿಯೂ ಕೊಟ್ಟರು.

ಕಾರು ಹೊರಡುವಾಗ ಹಿಂದಿನಿಂದ ಏನೋ ಜಲಜಲ ಸದ್ದು ಬಂತು. ಸಾಬರು ಡಿಕ್ಕಿ ತೆಗೆಸಿ ನೋಡಿ ನನ್ನ ಮುಖ ನೋಡಿದರು. ಹೆರೆದ ಕಬ್ಬಿಣದ ಚೂರನ್ನೆಲ್ಲ ಯಜಮಾನರು ಚೀಲಕ್ಕೆ ತುಂಬಿ ತಂದಿದ್ದರು. ಕೇಳಿದರೆ, "ನಮ್ಮ ಕಾರಿನದಲ್ವೇನ್ರೀ, ಬಿಟ್ಟು ಬರಕ್ಕಾಗುತ್ತಾ?" ಅಂದರು.

೪. ಎಮ್ಮೆದೊಡ್ಡಿ

ಪಂದ್ಯಕ್ಕೆ ಎಮ್ಮೆದೊಡ್ಡಿ ಕಾವಲಿನ ಪಕ್ಕದ ನೇರ ದಾರಿ ನಿಗದಿಯಾಯಿತು. ಅವತ್ತು ಬೆಳಗ್ಗೆ ಹಿಂದಿನ ಆಕ್ಸಲ್ಲಿನಲ್ಲಿ ಗಾಲಿಗಳನ್ನು ತಿರುಗಿಸುವ ಹಲ್ಲಿನ ಕ್ರೌನ್ ಚಕ್ರವನ್ನು ಕೊನೆಯ ಸಲ ಬಿಚ್ಚಿ, ಬೆರಳಲ್ಲಿ ತಳ್ಳಿದರೂ ತಿರುಗುವ ಹಾಗೆ ಕೂರಿಸಿದೆ. ಒಂದು ಸಲ ಓಡಿಸಿ ನೋಡೋಣ ಅಂದರೆ ಯಜಮಾನರು ಒಪ್ಪಲಿಲ್ಲ. "ಪಂದ್ಯದ ಎತ್ತನ್ನ ಅವತ್ತೇ ಗಾಡಿಗೆ ಕಟ್ತಾರೇನ್ರೀ?" ಎಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಕಾರನ್ನು ಎಳೆಸಿಕೊಂಡು ಬಂದರು.

ಸೀಟಿ ಊದಿದರು. ಸಾಹುಕಾರರ ಕಾರು ಮುಂದಕ್ಕೆ ಹೋಯಿತು. ನಮ್ಮದು ಅದಕ್ಕಿಂತ ಜೋರಾಗಿ ಹಿಂದಕ್ಕೆ ಹೋಯಿತು. ಹಿಂದೆ ನಿಂತ ಜನ ಪಂಚೆ ಎತ್ತಿಕೊಂಡು ಓಡಿದರು. ಆಗಲೇ ನನಗೆ ಹೊಳೆಯಿತು. ಎಡಕ್ಕಿರಬೇಕಾದ ಕ್ರೌನ್ ಚಕ್ರವನ್ನು ಬಲಕ್ಕೆ ಕೂರಿಸಿದ್ದೆ, ಹಾಗಾಗಿ ಹಿಂದಿನ ಗಾಲಿಗಳು ಉಲ್ಟಾ ತಿರುಗುತ್ತಿದ್ದವು. ಈಗ ಆ ಕಾರಿಗೆ ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದೇ. ಪವರ್ ಮಾತ್ರ ಎಳ್ಳಷ್ಟೂ ನಷ್ಟವಾಗುತ್ತಿರಲಿಲ್ಲ.

ಸಾಹುಕಾರರು ವಾಪಸು ಬಂದು, ಇನ್ನೊಂದು ಸಲ ಓಡಿಸುತ್ತೀರೋ, ಬೋರ್ಡು ಇಳಿಸುತ್ತೀರೋ ಎಂದು ಕೇಳಿದರು. ಯಜಮಾನರೇ ಉತ್ತರ ಕೊಟ್ಟರು. "ಕಾರು ತಿರುಗಿಸಿ ನಿಲ್ಸಿ. ಮಂಡೀಲಿ ಲಾರಿ ಹಿಂದಕ್ಕೆ ತಂದೂ ತಂದೂ ನನ್ನ ಕತ್ತು ಪಳಗಿದೆ" ಅಂದರು.

ಕಾರಿನ ಬೆನ್ನು ಗುರಿಯ ಕಡೆಗಿತ್ತು. ಯಜಮಾನರು ಕತ್ತು ಹೊರಳಿಸಿಕೊಂಡು ನಾಲ್ಕೂ ಗೇರು ಹಾಕಿ ಓಡಿಸಿದರು. ಎರಡು ಕಾರುದ್ದ ಮೊದಲೇ ಗೆರೆ ದಾಟಿದರು. ನಾನು ಕುಣಿದುಬಿಟ್ಟೆ.

ಸಾಹುಕಾರರು ತಕರಾರು ತೆಗೆದರು. ಮಾತಾಗಿದ್ದು ಮುಂದೆ ಹೋಗಬೇಕೆಂದು, ಇದು ಹೋಗಿದ್ದು ಹಿಂದಕ್ಕಲ್ಲವೇ ಅಂದರು. ಗೆರೆಯ ಹತ್ತಿರ ನಿಂತಿದ್ದವನು ಕಾವಲಿನ ದನ ಕಾಯುವ ಮುದುಕ ಒಬ್ಬನೇ. ಅವನು ಹೇಳಿದಂತೆ ಆಗಲಿ ಎಂದು ಇಬ್ಬರೂ ಒಪ್ಪಿದರು.

"ನಂಗೇನು ತಿಳೀತದೆ ಬುದ್ಧಿ. ನಿಮ್ಮದು ಬತ್ತಾ ಇತ್ತು. ಅದು ನನಗೆ ಬೆನ್ನು ಹಾಕಿತ್ತು, ಆಚೆಗೆ ಹೋಗ್ತೈತೆ ಅನ್ಕಂಡೆ. ಹೋಗೋದು ಇಷ್ಟು ಬೇಗ ಬಂದ್ಬಿಡ್ತದೆ ಅಂತ ಯಾರಿಗೆ ಗೊತ್ತಿತ್ತು?"

ಸಾಹುಕಾರರಿಗೂ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಬೋರ್ಡು ಇಳಿಸ್ಬೇಡಿ ಕಣ್ರೀ. ಉಲ್ಟಾ ತಿರುಗಿಸಿ ಹಾಕಿ, ಸಾಕು" ಅಂದರು.